ಎದೆಗೆ ಅಂಟಿಸುವ ಪೆಟ್ಟಿಗೆಯ ಹಿಂದಿನ ಮನುಷ್ಯ: ನಾರ್ಮನ್ ಹೋಲ್ಟರ್

ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ 24 ಗಂಟೆ ಹೋಲ್ಟರ್ ಎಂಬ ಮಾತು ಇದೆಯೇ? ಹಾಗಿದ್ದರೆ ಈ ಬರಹ ನಿಮಗಾಗಿ. ನಿಮ್ಮ ಮನೆಯ ಹಿರಿಯರಿಗೆ ಅದನ್ನು ಬರೆದಿದ್ದರೆ, ಅವರನ್ನು ನೋಡಿಕೊಳ್ಳುವವರು ನೀವಾಗಿದ್ದರೆ, ಇನ್ನೂ ಹೆಚ್ಚಾಗಿ ನಿಮಗಾಗಿ.

ಹೋಲ್ಟರ್ ಎಂದರೆ ಎದೆಯ ಮೇಲೆ ಕೆಲವು ಅಂಟುಪಟ್ಟಿಗಳನ್ನು ಹಚ್ಚಿ, ಅವುಗಳ ವೈರುಗಳನ್ನು ಸೊಂಟಕ್ಕೋ ಕೊರಳಿಗೋ ತೂಗುಹಾಕಿದ ಪುಟ್ಟ ಪೆಟ್ಟಿಗೆಗೆ ಜೋಡಿಸಿ, ಒಂದು ಹಗಲು ಒಂದು ರಾತ್ರಿ ಹೃದಯದ ಬಡಿತವನ್ನು ದಾಖಲಿಸುವ ಪರೀಕ್ಷೆ. ನೋವಿಲ್ಲ, ಸೂಜಿಯಿಲ್ಲ. ಪೆಟ್ಟಿಗೆ ನಿಮ್ಮ ದೇಹಕ್ಕೆ ಕರೆಂಟು ಹರಿಸುವುದಿಲ್ಲ, ದೇಹದಲ್ಲಿ ಹುಟ್ಟುವ ಸಂಕೇತವನ್ನು ಬರೆದುಕೊಳ್ಳುತ್ತದೆ ಅಷ್ಟೆ. ಬಹಳ ಮಂದಿ ಇದನ್ನು ಯಾವುದೋ ಕಂಪನಿಯ ಹೆಸರು ಎಂದುಕೊಂಡಿದ್ದಾರೆ. ಔಷಧಿ ಅಂಗಡಿಯಲ್ಲಿ ಕೂತ ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಹೋಲ್ಟರ್ ಒಬ್ಬ ಮನುಷ್ಯ. ಅವರ ಬದುಕನ್ನು ತಿಳಿದುಕೊಂಡರೆ ಈ ಪರೀಕ್ಷೆಯ ದಿನ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಯಾರೂ ಹೇಳದೆಯೇ ಅರ್ಥವಾಗುತ್ತದೆ. ನನಗೆ ಅದು ತಡವಾಗಿ ಅರ್ಥವಾಯಿತು.

ನನ್ನ ಒಂದು ತಪ್ಪು ಅನುವಾದ

ನಾನಿರುವುದು ಪುಣೆಯ ಬಿಬವೇವಾಡಿಯಲ್ಲಿ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ವಿಜಯಪುರ ಕಡೆಯಿಂದ ಬಂದು ನೆಲೆಸಿದ ಹಿರಿಯರೊಬ್ಬರಿದ್ದಾರೆ. ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಅವರಿಗೆ ಆಗಾಗ ಕಣ್ಣು ಕತ್ತಲೆ ಬರುತ್ತಿತ್ತು. ಇಸಿಜಿ ಸರಿಯಿತ್ತು. ವೈದ್ಯರು ಹೋಲ್ಟರ್ ಹಾಕಿಸಿದರು. ಜೊತೆಗೆ ಕೊಟ್ಟ ಸೂಚನೆಯ ಹಾಳೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಇತ್ತು. ಕನ್ನಡದಲ್ಲಿ ಹೇಳು ಎಂದು ಕಾಕೂ ನನ್ನ ಬಳಿ ಬಂದರು.

ಬೆವರಿ ಪಟ್ಟಿ ಕಿತ್ತುಬರುವಷ್ಟು ಕಸರತ್ತು ಬೇಡ ಎಂಬುದು ಆ ಹಾಳೆಯ ಸೂಚನೆ. ನಾನು ಅವಸರದಲ್ಲಿ ಅದನ್ನು ದಣಿವು ಮಾಡಿಕೊಳ್ಳಬೇಡಿ ಎಂದು ಹೇಳಿಬಿಟ್ಟೆ. ಕಾಕಾ ಮಾತು ಮೀರುವವರಲ್ಲ. ಇಪ್ಪತ್ತನಾಲ್ಕು ಗಂಟೆಯೂ ಮಂಚದ ಮೇಲೆ ಮಲಗಿದರು. ಊಟವೂ ಅಲ್ಲಿಗೇ ಬಂತು. ವರದಿ ಸರಿಯಾಗಿದೆ ಎಂದು ಬಂದಾಗ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಮೂರು ವಾರ ಕಳೆದ ಮೇಲೆ ಕಾಯಿಪಲ್ಯದ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಕಾಕಾ ಬಿದ್ದರು. ಹಣೆಗೆ ಐದು ಹೊಲಿಗೆ ಬಿತ್ತು.

ಆ ರಾತ್ರಿ ಹೋಲ್ಟರ್ ಎಂಬವರು ಯಾರು, ಅವರು ಈ ಪೆಟ್ಟಿಗೆಯನ್ನು ಯಾಕೆ ಕಟ್ಟಿದರು ಎಂದು ಹುಡುಕಿ ಓದಲು ಕೂತೆ.

ಗಣಿಯೂರಿನ ಹುಡುಗ

ನಾರ್ಮನ್ ಜೆಫರಿಸ್ ಹೋಲ್ಟರ್ ಹುಟ್ಟಿದ್ದು 1914ರ ಫೆಬ್ರವರಿ 1ರಂದು, ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಎಂಬ ಊರಿನಲ್ಲಿ. ಅದು ಚಿನ್ನದ ಗಣಿಗಳಿಂದ ಬೆಳೆದ ಗುಡ್ಡಗಾಡಿನ ಊರು. ಅವರ ಅಜ್ಜ ಆಂಟನ್ ಹೋಲ್ಟರ್ ನಾರ್ವೆ ದೇಶದಿಂದ ವಲಸೆ ಬಂದವರು. 1863ರಲ್ಲಿ ಆ ಕಾಡು ಸೀಮೆಗೆ ಮರ ಕೊಯ್ಯುವ ಯಂತ್ರ ತಂದು ನಿಲ್ಲಿಸಿ, ಮುಂದೆ ಕಬ್ಬಿಣದ ಸಾಮಾನಿನ ವ್ಯಾಪಾರ, ಗಣಿ, ವಿದ್ಯುತ್ ಎಂದು ದೊಡ್ಡ ಮನೆತನ ಕಟ್ಟಿದವರು. ಮಿಸೂರಿ ನದಿಯ ಮೇಲಿನ ಒಂದು ಅಣೆಕಟ್ಟಿಗೆ ಇಂದಿಗೂ ಅವರ ಹೆಸರಿದೆ.

ಮೊಮ್ಮಗ ವ್ಯಾಪಾರಕ್ಕಿಂತ ಹೆಚ್ಚಾಗಿ ರಸಾಯನಶಾಸ್ತ್ರವನ್ನೂ ಭೌತಶಾಸ್ತ್ರವನ್ನೂ ಹಚ್ಚಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಎರಡರಲ್ಲೂ ಉನ್ನತ ಓದು ಮುಗಿಸಿದರು. ಇಲ್ಲಿ ಒಂದು ವಿಷಯ ಗಮನಿಸಿ: ಹೋಲ್ಟರ್ ವೈದ್ಯರಲ್ಲ. ಹೃದಯ ತಜ್ಞರ ಬಾಯಲ್ಲಿ ದಿನವೂ ಓಡಾಡುವ ಈ ಹೆಸರು ಭೌತವಿಜ್ಞಾನಿಯೊಬ್ಬರದು.

ಓದುವ ಕಾಲದಲ್ಲೇ ಅವರಿಗೆ ಜೋಸೆಫ್ ಗೆಂಗೆರೆಲಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರ ಸಹವಾಸ ದೊರೆಯಿತು. ನರಗಳನ್ನು ತಂತಿ ತಾಗಿಸದೆ ದೂರದಿಂದಲೇ ಪ್ರಚೋದಿಸಲು ಬರುತ್ತದೆಯೇ ಎಂದು ಇಬ್ಬರೂ ಸೇರಿ ಪ್ರಯೋಗ ಮಾಡಿದರು. ಜೀವಿಯನ್ನು ಕಟ್ಟಿಹಾಕದೆ, ಅದರ ಪಾಡಿಗೆ ಅದನ್ನು ಬಿಟ್ಟು ಅಧ್ಯಯನ ಮಾಡಬೇಕು ಎಂಬ ಹಂಬಲ ಅಲ್ಲಿಂದಲೇ ಅವರನ್ನು ಹಿಡಿದುಕೊಂಡಿತು.

ಅಲೆಗಳನ್ನು ಅಳೆದ ವರ್ಷಗಳು

ಎರಡನೇ ಮಹಾಯುದ್ಧ ಬಂತು. ಹೋಲ್ಟರ್ ಅಮೆರಿಕದ ನೌಕಾಪಡೆಯಲ್ಲಿ ಭೌತವಿಜ್ಞಾನಿಯಾಗಿ ಸಮುದ್ರದ ಅಲೆಗಳ ಮೇಲೆ ಕೆಲಸ ಮಾಡಿದರು. 1946ರಲ್ಲಿ ಶಾಂತ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಪರಮಾಣು ಬಾಂಬುಗಳ ಪರೀಕ್ಷೆ ನಡೆದಾಗ, ಸ್ಫೋಟದಿಂದೇಳುವ ಅಲೆಗಳನ್ನು ಅಳೆಯುವ ತಂಡದ ಮುಂದಾಳು ಅವರೇ.

ಸ್ಫೋಟದ ಹತ್ತಿರ ಮನುಷ್ಯ ನಿಲ್ಲುವಂತಿಲ್ಲ. ಅಳತೆ ದೂರದಿಂದಲೇ ಆಗಬೇಕು. ನಡೆಯುತ್ತಿರುವುದಕ್ಕೆ ಅಡ್ಡಿ ಮಾಡದೆ, ಅದು ನಡೆಯುವಾಗಲೇ ಅದರ ಲೆಕ್ಕ ಹಿಡಿಯಬೇಕು. ಮುಂದೆ ಅವರು ಹೃದಯದ ವಿಷಯದಲ್ಲಿ ಮಾಡಿದ್ದೂ ಅದನ್ನೇ ಎಂದು ನನಗನ್ನಿಸುತ್ತದೆ.

1947ರಲ್ಲಿ ಅವರು ಹೆಲೆನಾಕ್ಕೆ ಮರಳಿ ತಮ್ಮದೇ ಸಂಶೋಧನಾ ಪ್ರತಿಷ್ಠಾನ ಆರಂಭಿಸಿದರು. ಮುಂದೆ ಊರಿನ ಹಳೆಯ ರೈಲು ನಿಲ್ದಾಣವೇ ಅದರ ಪ್ರಯೋಗಶಾಲೆಯಾಯಿತು. ದೊಡ್ಡ ವಿಶ್ವವಿದ್ಯಾಲಯವಿಲ್ಲ, ದೊಡ್ಡ ಆಸ್ಪತ್ರೆಯಿಲ್ಲ. ಮೊದಲೇ ಇಂಥದ್ದೇ ಉಪಯೋಗ ಎಂದು ಗೆರೆ ಎಳೆದುಕೊಳ್ಳದ ಸಂಶೋಧನೆಗೂ ಜಗತ್ತಿನಲ್ಲಿ ಜಾಗ ಬೇಕು ಎಂದು ನಂಬಿದ್ದ ಅವರಿಗೆ ಆ ಸ್ವಾತಂತ್ರ್ಯವೇ ಬೇಕಾಗಿತ್ತು.

ಮಿದುಳಿನಿಂದ ಹೃದಯಕ್ಕೆ

ಅವರು ಮೊದಲು ಕೈಹಾಕಿದ್ದು ಮಿದುಳಿಗೆ. ತಲೆಯ ಮೇಲಿನ ಎಲೆಕ್ಟ್ರೋಡುಗಳು ಹಿಡಿದ ಸಂಕೇತವನ್ನು ರೇಡಿಯೋ ಮೂಲಕ ದೂರಕ್ಕೆ ಕಳಿಸುವ ಸಾಧನವನ್ನು ಗೆಂಗೆರೆಲಿಯವರ ಜೊತೆ ಸೇರಿ ರೂಪಿಸಿದರು. ಆಮೇಲೆ ಹೃದಯದ ಕಡೆ ತಿರುಗಿದರು. ಕಾರಣ ಸರಳ. ಚರ್ಮದ ಮೇಲೆ ಸಿಗುವ ಹೃದಯದ ವಿದ್ಯುತ್ ಸಂಕೇತ ಮಿದುಳಿನದಕ್ಕಿಂತ ಸುಮಾರು ಹತ್ತು ಪಟ್ಟು ಬಲವಾದದ್ದು. ಮೇಲಾಗಿ ಹೃದ್ರೋಗಿಗಳ ಸಂಖ್ಯೆಯೂ ದೊಡ್ಡದು.

ಇಸಿಜಿ ಆಗಲೇ ಹಳೆಯದಾಗಿತ್ತು. ನೆದರ್ಲೆಂಡ್ಸಿನ ವಿಲ್ಲೆಮ್ ಐಂಟೋವನ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅದನ್ನು ರೂಪಿಸಿ 1924ರಲ್ಲಿ ನೊಬೆಲ್ ಪಡೆದಿದ್ದರು. ಅವರ ಮೊದಲ ಯಂತ್ರದ ಮುಂದೆ ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಇಳಿಬಿಟ್ಟು ಕೂರಬೇಕಿತ್ತು. ಮುಂದೆ ಯಂತ್ರ ಚಿಕ್ಕದಾದರೂ ರೋಗಿ ಅಲುಗಾಡದೆ ಇರಬೇಕೆಂಬ ನಿಯಮ ಹಾಗೇ ಉಳಿಯಿತು.

ತೊಂದರೆ ಇರುವುದು ಅಲ್ಲೇ. ಒಂದು ಲೆಕ್ಕ ನೋಡಿ. ನಿಮಿಷಕ್ಕೆ 72ರಂತೆ ಹೃದಯ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಸಾಮಾನ್ಯ ಇಸಿಜಿ ದಾಖಲಿಸುವುದು 10 ಸೆಕೆಂಡು, ಅಂದರೆ ಸುಮಾರು 12 ಬಡಿತ. ವಾರಕ್ಕೊಮ್ಮೆ ನಲ್ಲಿಯಲ್ಲಿ ಗಾಳಿ ಬರುತ್ತದೆ ಎಂದು ದೂರು ಕೊಟ್ಟವರ ಮನೆಗೆ ಪ್ಲಂಬರ್ ಬಂದು ಒಂದು ಚೊಂಬು ನೀರು ಹಿಡಿದು ನೋಡಿ ಎಲ್ಲ ಸರಿಯಿದೆ ಎಂದು ಹೋದಂತೆ. ಅವನು ಸುಳ್ಳು ಹೇಳಿಲ್ಲ. ನೋಡಿದ ಸಮಯ ಸಾಲಲಿಲ್ಲ.

ಹೋಲ್ಟರ್ ಅವರ ವಾದ ಇಷ್ಟೇ: ಹೃದಯವನ್ನು ಅರಿಯಬೇಕಾದರೆ ಮನುಷ್ಯ ಬದುಕುತ್ತಿರುವಾಗ ಅದನ್ನು ನೋಡಬೇಕು. ಉಣ್ಣುವಾಗ, ನಡೆಯುವಾಗ, ಸಿಟ್ಟಾದಾಗ, ನಿದ್ದೆಯಲ್ಲಿ.

38 ಕಿಲೋ ಹೊರೆ

ಆ ವಾದವನ್ನು ಅವರು ಮೊದಲು ತಮ್ಮ ಬೆನ್ನ ಮೇಲೆಯೇ ಹೊತ್ತರು. 1940ರ ದಶಕದ ಕೊನೆಯಲ್ಲಿ ಸಿದ್ಧವಾದ ಹೃದಯದ ರೇಡಿಯೋ ಸಾಧನದ ತೂಕ 85 ಪೌಂಡು, ಸುಮಾರು 38 ಕಿಲೋ. ಅದನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಲ್ಲೇ ಇರುವ ಸೈಕಲ್ ತುಳಿಯುತ್ತ ತಮ್ಮ ಹೃದಯದ ಸಂಕೇತವನ್ನು ರೇಡಿಯೋದಲ್ಲಿ ಕಳಿಸಿದರು. ಅರ್ಧ ಮೂಟೆ ಗೋಧಿಯಷ್ಟು ಭಾರ ಹೊತ್ತವನ ಹೃದಯ ತನ್ನ ಪಾಡಿಗೆ ತಾನಿರುವುದು ಹೇಗೆ? ಅಳೆಯುವ ಸಾಧನವೇ ಅಳತೆಯನ್ನು ಕೆಡಿಸುತ್ತಿತ್ತು. ಹೊರೆ ಇಳಿಸದೆ ದಾರಿಯಿರಲಿಲ್ಲ.

ಅದು ಅಷ್ಟು ಭಾರವಾಗಿದ್ದೇಕೆ? ಆಗಿನ ರೇಡಿಯೋಗಳೆಲ್ಲ ಗಾಜಿನ ವಾಲ್ವುಗಳ ಮೇಲೆ ನಡೆಯುತ್ತಿದ್ದವು. ಹಳೆಯ ಮನೆಗಳಲ್ಲಿ ವಾಲ್ವ್ ರೇಡಿಯೋ ನೋಡಿದವರಿಗೆ ಗೊತ್ತು: ಹಚ್ಚಿದ ಮೇಲೆ ಕಾದು ಕೆಂಪಾಗಿ ಆಮೇಲೆ ಹಾಡು. ಕಾಯಿಸಲು ವಿದ್ಯುತ್ ಬೇಕು, ವಿದ್ಯುತ್ತಿಗೆ ದೊಡ್ಡ ಬ್ಯಾಟರಿ ಬೇಕು. ಭಾರ ಬಂದದ್ದು ಅಲ್ಲಿಂದ.

ಭಾರ ಇಳಿಸಿದ್ದು ಹೊಸ ವಸ್ತುಗಳ ವಿಜ್ಞಾನ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ ಎಂಬ ಕೈಗಾರಿಕಾ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ವಾಲ್ವು ಮಾಡುತ್ತಿದ್ದ ಕೆಲಸವನ್ನು ಜರ್ಮೇನಿಯಂ ಎಂಬ ಅರೆವಾಹಕದ ಚೂರು, ಕಾಯದೆಯೇ, ತುಸುವೇ ವಿದ್ಯುತ್ತಿನಲ್ಲಿ ಮಾಡತೊಡಗಿತು. 1950ರ ದಶಕದಲ್ಲಿ ಅದು ಮಾರುಕಟ್ಟೆಗೆ ಬಂದಂತೆ ಹೋಲ್ಟರ್ ಮತ್ತು ಅವರ ಸಹೋದ್ಯೋಗಿ ಎಂಜಿನಿಯರ್ ವಿಲ್ಫರ್ಡ್ ಗ್ಲಾಸ್‌ಕಾಕ್ ಸಾಧನವನ್ನು ಕುಗ್ಗಿಸುತ್ತ ಹೋದರು.

ರೇಡಿಯೋಗೆ ಇನ್ನೊಂದು ಮಿತಿಯೂ ಇತ್ತು. ಸಂಕೇತ ಹಿಡಿಯುವ ಪೆಟ್ಟಿಗೆಯಿಂದ ರೋಗಿ ತುಂಬ ದೂರ ಹೋಗುವಂತಿರಲಿಲ್ಲ. ಹಾಗಾಗಿ ಸಂಕೇತವನ್ನು ದೂರಕ್ಕೆ ಕಳಿಸುವ ಬದಲು ಮೈಮೇಲೆಯೇ ಟೇಪಿನಲ್ಲಿ ದಾಖಲಿಸುವ ದಾರಿ ಹಿಡಿದರು. ಟೇಪೂ ಒಂದು ವಸ್ತು ವಿಜ್ಞಾನದ ಕೊಡುಗೆಯೇ: ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಲೇಪ.

ದಾಖಲೆ ಓದುವವರಾರು?

ಒಂದು ಗಂಟು ಬಿಚ್ಚಿದರೆ ಇನ್ನೊಂದು ಗಂಟು. ಗಂಟೆಗಟ್ಟಲೆ ದಾಖಲಾದ ಟೇಪನ್ನು ಕಾಗದದ ಮೇಲೆ ಇಳಿಸಿದರೆ ಅಷ್ಟು ಉದ್ದದ ಸುರುಳಿಯನ್ನು ಯಾವ ವೈದ್ಯರು ಕೂತು ಓದಿಯಾರು? ಹೋಲ್ಟರ್ ಟೇಪನ್ನು 60 ಪಟ್ಟು ವೇಗದಲ್ಲಿ ಓಡಿಸಿದರು. ಒಂದು ಗಂಟೆಯ ದಾಖಲೆ ಒಂದೇ ನಿಮಿಷದಲ್ಲಿ. ಪರದೆಯ ಮೇಲೆ ಪ್ರತಿ ಬಡಿತದ ಚಿತ್ರ ಹಿಂದಿನದರ ಮೇಲೆಯೇ ಬೀಳುವಂತೆ ಮಾಡಿದರು, ಜೊತೆಗೆ ಅದನ್ನು ಸದ್ದಾಗಿಯೂ ಕೇಳಿಸಿದರು. ಎಲ್ಲ ಬಡಿತಗಳೂ ಒಂದೇ ಥರ ಇದ್ದರೆ ಚಿತ್ರ ನಿಂತಂತೆ ಕಾಣುತ್ತದೆ, ಸದ್ದು ಒಂದೇ ಶ್ರುತಿಯಲ್ಲಿರುತ್ತದೆ. ಒಂದು ಬಡಿತ ತಾಳ ತಪ್ಪಿದರೂ ಕಣ್ಣಿಗೆ ಅದು ಛಂಗನೆ ಹಾರುತ್ತದೆ, ಕಿವಿಗೆ ಅಪಶ್ರುತಿ ಕೇಳುತ್ತದೆ. ನೋಡುವವರು ಅಲ್ಲಿ ನಿಲ್ಲಿಸಿ ಪರೀಕ್ಷಿಸಿದರೆ ಸಾಕು.

1961ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅವರು ಈ ವಿಧಾನವನ್ನು ವಿವರಿಸಿದ ಲೇಖನ ಪ್ರಕಟವಾಯಿತು. ಓಡಾಡುವ ಮನುಷ್ಯನ ಹೃದಯವನ್ನು ಗಂಟೆಗಟ್ಟಲೆ ದಾಖಲಿಸಬಹುದು, ಆ ದಾಖಲೆಯನ್ನು ನಿಮಿಷಗಳಲ್ಲಿ ಓದಬಹುದು ಎಂದು ವೈದ್ಯಲೋಕಕ್ಕೆ ಗೊತ್ತಾಯಿತು.

ಪ್ರಯೋಗಶಾಲೆಯಲ್ಲಿ ಒಂದು ಸಾಧನ ಕಟ್ಟುವುದು ಬೇರೆ, ಸಾವಿರ ಆಸ್ಪತ್ರೆಗಳಿಗೆ ಒಂದೇ ಗುಣಮಟ್ಟದಲ್ಲಿ ಕೊಡುವುದು ಬೇರೆ. ಆ ಕೆಲಸಕ್ಕೆ ಕೈಜೋಡಿಸಿದವರು ವಿಮಾನೋದ್ಯಮದಿಂದ ಬಂದ ಎಂಜಿನಿಯರ್ ಬ್ರೂಸ್ ಡೆಲ್ ಮಾರ್. 1960ರ ದಶಕದ ಆರಂಭದಲ್ಲಿ ಅವರ ಕಂಪನಿ ಹಕ್ಕು ಪಡೆದು ಸಾಧನವನ್ನು ತಯಾರಿಸತೊಡಗಿತು. ಹೋಲ್ಟರ್ ಎಂಬ ಹೆಸರು ಯಂತ್ರದ ಹೆಸರಾಗಿದ್ದು ಹೀಗೆ.

ಮುಂದೆ ಜಗತ್ತಿನ ಎಷ್ಟೋ ವೈದ್ಯರು ಇದನ್ನು ಬಳಸಿ ಎರಡು ಮುಖ್ಯ ಸಂಗತಿಗಳನ್ನು ಕಂಡುಕೊಂಡರು. ಆರೋಗ್ಯವಂತರ ಹೃದಯವೂ ದಿನದಲ್ಲಿ ಕೆಲವು ಬಾರಿ ಬಡಿತ ತಪ್ಪಿಸುವುದುಂಟು, ಅದೆಲ್ಲವೂ ರೋಗವಲ್ಲ. ಇನ್ನೊಂದೆಡೆ, ಎದೆನೋವೇ ಇಲ್ಲದೆ ಹೃದಯಕ್ಕೆ ರಕ್ತ ಕಡಿಮೆಯಾಗುವ ಗಳಿಗೆಗಳೂ ಇರುತ್ತವೆ. ವರದಿಯಲ್ಲಿ ಕೆಲವು ಹೆಚ್ಚುವರಿ ಬಡಿತಗಳ ಸಂಖ್ಯೆ ಕಂಡ ಕೂಡಲೇ ಗಾಬರಿಯಾಗಬೇಡಿ, ಏನೂ ಅನ್ನಿಸುತ್ತಿಲ್ಲ ಎಂದು ಉಡಾಫೆಯನ್ನೂ ಮಾಡಬೇಡಿ. ಎರಡನ್ನೂ ತೂಗಿ ಹೇಳಬೇಕಾದವರು ವೈದ್ಯರು.

ಹೋಲ್ಟರ್ 1964ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1983ರ ಜುಲೈ 21ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 69 ವರ್ಷ.

ನಿಮ್ಮ ಎದೆಯ ಮೇಲಿನ ಪಟ್ಟಿಯ ಗುಟ್ಟು

ಇಂದು ಟೇಪ್ ಹೋಗಿ ಚಿಪ್ ಬಂದಿದೆ. ಬೆಂಕಿಪೊಟ್ಟಣದ ಗಾತ್ರದ ಪೆಟ್ಟಿಗೆಗಳಿವೆ. ವೈರೇ ಇಲ್ಲದೆ 14 ದಿನದವರೆಗೆ ಎದೆಗೆ ಅಂಟಿಕೊಂಡಿರುವ ಪ್ಯಾಚ್‌ಗಳೂ ಬಂದಿವೆ. ಆದರೆ ಎಲ್ಲವೂ ನಿಂತಿರುವುದು ಚರ್ಮಕ್ಕೆ ತಾಗುವ ಆ ಚಿಕ್ಕ ಗುಂಡಿಯ ಮೇಲೆ.

ನಮ್ಮ ದೇಹದೊಳಗೆ ವಿದ್ಯುತ್ತನ್ನು ಒಯ್ಯುವುದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ನಂಥ ಲವಣದ ಅಯಾನುಗಳು. ವೈರಿನೊಳಗೆ ಒಯ್ಯುವುದು ಎಲೆಕ್ಟ್ರಾನುಗಳು. ಎರಡು ಭಾಷೆ ಎಂದಿಟ್ಟುಕೊಳ್ಳಿ. ನಡುವೆ ಅನುವಾದಕ ಬೇಕು. ಬೆಳ್ಳಿಯ ಮೇಲೆ ಸಿಲ್ವರ್ ಕ್ಲೋರೈಡ್ ಲೇಪಿಸಿದ ಪದರ ಆ ಕೆಲಸ ಮಾಡುತ್ತದೆ, ತನ್ನದೇ ಗದ್ದಲ ಹೆಚ್ಚು ಸೇರಿಸದೆ. ಚರ್ಮಕ್ಕೂ ಅದಕ್ಕೂ ನಡುವೆ ಇರುವ ತೇವದ ಜೆಲ್ ಅಯಾನುಗಳಿಗೆ ಸೇತುವೆ. ಎಣ್ಣೆ, ಪೌಡರ್, ಕೂದಲು ನಡುವೆ ಬಂದರೆ ಸೇತುವೆ ಮುರಿಯುತ್ತದೆ. ತಂತ್ರಜ್ಞರು ಎದೆಯ ಕೂದಲು ತೆಗೆದು ಚರ್ಮವನ್ನು ಒರೆಸುವುದು ಇದಕ್ಕಾಗಿಯೇ. ಅನುವಾದಕ ಕೆಟ್ಟರೆ ಏನಾಗುತ್ತದೆ ಎಂಬುದು ನನಗಂತೂ ಚೆನ್ನಾಗಿ ಗೊತ್ತು.

ಹೋಲ್ಟರ್ ಹಾಕಿಸಿಕೊಳ್ಳುವವರಿಗೆ, ಜೊತೆಯಲ್ಲಿರುವವರಿಗೆ

• ಪರೀಕ್ಷೆಗೆ ಹೋಗುವ ಮುಂಚೆ ಸ್ನಾನ ಮಾಡಿ. ಎದೆಗೆ ಎಣ್ಣೆ, ಕ್ರೀಮು, ಪೌಡರ್ ಹಚ್ಚಬೇಡಿ. ಪೆಟ್ಟಿಗೆ ಹಾಕಿದ ಮೇಲೆ ತಂತ್ರಜ್ಞರು ಹೇಳುವವರೆಗೆ ಸ್ನಾನವಿಲ್ಲ.

• ಸಡಿಲವಾದ ಹತ್ತಿ ಬಟ್ಟೆ ತೊಡಿ. ವೈರಿಗೆ ಸಿಕ್ಕಿಕೊಳ್ಳುವ ಉದ್ದನೆಯ ಸರ ತೆಗೆದಿಡಿ.

• ವೈದ್ಯರು ಬೇಡವೆಂದಿಲ್ಲದಿದ್ದರೆ ದಿನನಿತ್ಯದ ಎಲ್ಲ ಕೆಲಸ ಮಾಡಿ. ಸಂತೆಗೆ ಹೋಗಿ, ಅಡುಗೆ ಮಾಡಿ, ಮೆಟ್ಟಿಲು ಹತ್ತಿ. ತೊಂದರೆ ಯಾವ ಕೆಲಸದಲ್ಲಿ ಬರುತ್ತದೋ ಆ ಕೆಲಸ ದಾಖಲೆಯಲ್ಲಿ ಬರಲೇಬೇಕು. ಆದರೆ ಪ್ರಜ್ಞೆ ತಪ್ಪಿ ಬಿದ್ದ ಅನುಭವವಿದ್ದವರು ಒಬ್ಬರೇ ಮೆಟ್ಟಿಲು ಹತ್ತಬೇಡಿ, ಗಾಡಿ ಓಡಿಸಬೇಡಿ. ಜೊತೆಗೆ ಒಬ್ಬರಿರಲಿ.

• ಕೊಟ್ಟ ಡೈರಿಯಲ್ಲಿ ಗಡಿಯಾರ ನೋಡಿ ಬರೆಯಿರಿ: ತಲೆಸುತ್ತು, ಎದೆ ಡವಡವ, ಉಸಿರು ಕಟ್ಟಿದ್ದು, ಮಲಗಿದ್ದು, ಎದ್ದದ್ದು, ಮಾತ್ರೆ ತೆಗೆದುಕೊಂಡದ್ದು. ಹಿರಿಯರಿಗೆ ಬರೆಯಲಾಗದಿದ್ದರೆ ನೀವು ಬರೆಯಿರಿ. ಡೈರಿಯಿಲ್ಲದ ದಾಖಲೆ ಅರ್ಧ ದಾಖಲೆ.

• ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ತೆಗೆದುಕೊಳ್ಳುವ ಎಲ್ಲ ಔಷಧಿಯ ಪಟ್ಟಿಯನ್ನು ವೈದ್ಯರಿಗೆ ಕೊಡಿ. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್‌ನಂಥವು ಬಡಿತವನ್ನು ನಿಧಾನಗೊಳಿಸುತ್ತವೆ. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಕೆಲವರಲ್ಲಿ ಹಾಗೆ ಮಾಡಬಲ್ಲದು. ಕಣ್ಣಿನ ಹನಿಯನ್ನು ಔಷಧಿಯೆಂದು ಹೇಳಲು ಬಹಳ ಮಂದಿ ಮರೆಯುತ್ತಾರೆ.

• ಸಾಮಾನ್ಯ ಹೋಲ್ಟರ್ ದಾಖಲಿಸುತ್ತದೆ, ಯಾರನ್ನೂ ಎಚ್ಚರಿಸುವುದಿಲ್ಲ. ಪೆಟ್ಟಿಗೆ ಮೈಮೇಲಿದೆ, ಆಸ್ಪತ್ರೆಯವರು ನೋಡುತ್ತಿರುತ್ತಾರೆ ಎಂದುಕೊಳ್ಳಬೇಡಿ. ಎದೆನೋವು, ಪ್ರಜ್ಞೆ ತಪ್ಪುವುದು, ಉಸಿರಾಟದ ತೀವ್ರ ತೊಂದರೆ ಬಂದರೆ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ.

• ಕೈಗಡಿಯಾರದ ಇಸಿಜಿ ಒಳ್ಳೆಯ ಸುಳಿವು ಕೊಡಬಹುದು. ಅದು ಹಿಡಿಯುವುದು ಅರ್ಧ ನಿಮಿಷದ ತುಣುಕು. ಅದನ್ನು ವೈದ್ಯರಿಗೆ ತೋರಿಸಿ, ಹೋಲ್ಟರಿನ ಬದಲಿಗೆ ಅದನ್ನೇ ನಂಬಬೇಡಿ.

ಕಾಕಾ ಅವರ ಎರಡನೇ ದಿನ

ಹೊಲಿಗೆ ಬಿಚ್ಚಿದ ಮೇಲೆ ಕಾಕಾಗೆ ಮತ್ತೊಮ್ಮೆ ಹೋಲ್ಟರ್ ಹಾಕಿದರು. ಈ ಸಲ ಸೂಚನೆಯ ಹಾಳೆಯನ್ನು ನಾನು ಒಂದೊಂದೇ ಸಾಲಾಗಿ ಕನ್ನಡಕ್ಕೆ ತಂದು, ದೊಡ್ಡ ಅಕ್ಷರದಲ್ಲಿ ಬರೆದು, ಅವರಿಂದಲೇ ಓದಿಸಿ, ಅರ್ಥವಾದದ್ದನ್ನು ಮರಳಿ ಹೇಳಿಸಿಕೊಂಡೆ. ಕಾಕೂ ದಿನವಿಡೀ ಜೊತೆಗಿದ್ದರು. ಬೆಳಗ್ಗೆ ಮಾರ್ಕೆಟ್ ಯಾರ್ಡಿಗೆ ಹೋಗಿ ಹಳೆಯ ಗೆಳೆಯರ ಜೊತೆ ಚಹಾ ಕುಡಿದು ಬಂದರು. ಮಧ್ಯಾಹ್ನ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಕಣ್ಣು ಕತ್ತಲೆ ಬಂತು, ಕಾಕೂ ಹಿಡಿದು ಕೂರಿಸಿದರು. ಡೈರಿಯಲ್ಲಿ ಸಮಯ ಬರೆದರು: 2.40.

ವರದಿಯಲ್ಲಿ ಅದೇ 2.40ಕ್ಕೆ ಹೃದಯ ನಾಲ್ಕು ಸೆಕೆಂಡಿಗೂ ಹೆಚ್ಚು ಸುಮ್ಮನಿದ್ದದ್ದು ಕಂಡಿತು. ಈಗ ಕಾಕಾಗೆ ಪೇಸ್‌ಮೇಕರ್ ಇದೆ. ಕಾಯಿಪಲ್ಯದ ಚೀಲವನ್ನು ಅವರೇ ಹೊರುತ್ತಾರೆ. ಮೊದಲ ಸಲ ಯಾಕೆ ಸಿಗಲಿಲ್ಲ ಎಂದು ಅವರು ನನ್ನನ್ನು ಕೇಳಿಲ್ಲ. ನಾನೇ ಹೇಳಿದೆ. ಮಲಗಿದ್ದಕ್ಕೆ ಸಿಗಲಿಲ್ಲ, ಮಲಗಿಸಿದ್ದು ನನ್ನ ಮಾತು ಎಂದೆ. ಅವರು ನಕ್ಕು ಹಣೆಯ ಗಾಯದ ಕಲೆ ಮುಟ್ಟಿಕೊಂಡರು.

ನೀವೂ ಯಾರಿಗಾದರೂ ಸೂಚನೆ ಓದಿ ಹೇಳುವವರಾಗಿದ್ದರೆ, ಹೇಳಿ ಮುಗಿಸಿ ಎದ್ದುಬಿಡಬೇಡಿ. ಅವರಿಗೆ ಏನು ಕೇಳಿಸಿತು ಎಂದು ಒಮ್ಮೆ ಕೇಳಿ.